ಎರಡೂ ತೂತಿನಲ್ಲಿ ಬೆಳಗಿದ ಟೆಸ್ಟರ್: ಹಳೆಯ ಮನೆಯೊಂದರ ಪಿಂಗಾಣಿ ಫ್ಯೂಸುಗಳ ಪ್ರಕರಣ

ಆಷಾಢದ ಒಂದು ಸಂಜೆ ಏಳೂವರೆಯ ಹೊತ್ತಿಗೆ ಮೇಷ್ಟ್ರ ಫೋನ್ ಬಂತು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು, ನಿವೃತ್ತರಾಗಿ ಬಹಳ ವರ್ಷವಾಯಿತು. “ಮನೆಯಲ್ಲಿ ಕರೆಂಟ್ ಹೋಗಿದೆ, ಪಕ್ಕದ ಮನೆಯಲ್ಲಿ ಇದೆ. ಟೆಸ್ಟರ್ ಇಟ್ಟು ನೋಡಿದರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಉರಿಯುತ್ತಿದೆ. ನಮ್ಮಲ್ಲಿ ಕರೆಂಟ್ ಇದೆಯೋ ಇಲ್ಲವೋ, ನೀನೇ ಹೇಳು” ಎಂದರು.

“ಇದೆ ಮೇಷ್ಟ್ರೇ. ಮೊದಲು ಮೇನ್ ಸ್ವಿಚ್ ಕೆಳಗೆ ಎಳೆಯಿರಿ. ನಾನು ಬರುವವರೆಗೆ ಹೋಲ್ಡರು, ಪ್ಲಗ್ಗು ಯಾವುದನ್ನೂ ಮುಟ್ಟಬೇಡಿ. ಅಮ್ಮನಿಗೆ ಬಚ್ಚಲ ಕಡೆ ಹೋಗಬೇಡಿ ಎಂದು ಹೇಳಿ” ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಗೀಸರಿನ ನಲ್ಲಿ ಮುಟ್ಟಿದರೆ ಅಮ್ಮನಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ಕೈ ಜುಮ್ಮೆನ್ನುತ್ತದೆ ಎಂದು ಹದಿನೈದು ದಿನದ ಹಿಂದೆ ಪೇಟೆಯಲ್ಲಿ ಸಿಕ್ಕಾಗ ಅವರು ಹೇಳಿದ್ದರು. ಆ ಮಾತು ತಲೆಯಲ್ಲಿ ಉಳಿದಿತ್ತು.

ಸರಿಯಾಗಿರುವ ಪ್ಲಗ್ಗಿನಲ್ಲಿ ಫೇಸ್, ಅಂದರೆ ಕರೆಂಟ್ ತರುವ ತಂತಿ, ಇರುವ ತೂತಿನಲ್ಲಿ ಮಾತ್ರ ಟೆಸ್ಟರ್ ಉರಿಯಬೇಕು. ಕರೆಂಟ್ ಹಿಂದಿರುಗುವ ತಂತಿಯಾದ ನ್ಯೂಟ್ರಲ್ ಎಲ್ಲೋ ಕಡಿದಿದ್ದರೆ, ಸ್ವಿಚ್ ಹಾಕಿಯೇ ಇರುವ ಬಲ್ಬು, ಫ್ರಿಜ್ಜುಗಳ ಒಳಗಿಂದ ಫೇಸ್ ಹಾಯ್ದು, ಕಡಿದ ಜಾಗದವರೆಗೂ ಬಂದು ನಿಲ್ಲುತ್ತದೆ. ಹಿಂದಿರುಗುವ ದಾರಿ ಇಲ್ಲದ ಕಾರಣ ದೀಪ ಹತ್ತುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. ಆದರೆ ಮನೆಯ ಎರಡೂ ತಂತಿಗಳು 230 ವೋಲ್ಟಿನಲ್ಲಿ ಕಾದು ನಿಂತಿರುತ್ತವೆ. ದೀಪವಿಲ್ಲದ ಮನೆಯಲ್ಲಿ ಜನರಿಗೆ ಧೈರ್ಯ ಹೆಚ್ಚು. ಕರೆಂಟ್ ಹೋಗಿದೆಯಲ್ಲ ಎಂದು ನೇರವಾಗಿ ಹೋಲ್ಡರಿಗೆ ಕೈ ಹಾಕುತ್ತಾರೆ. ಈ ಕಸುಬಿನಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ದೋಷ ಇದು.

ಮನೆ ಮತ್ತು ಅದರ ವೈರಿಂಗ್

ಸಾಗರ ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಹೆಂಚಿನ ಮನೆ. ಕೆಂಪುಕಲ್ಲು ಮತ್ತು ಮಣ್ಣಿನ ಗೋಡೆ, ಮುಂದೆ ಜಗಲಿ, ಹಿಂದೆ ಬಚ್ಚಲು, ಪಕ್ಕದಲ್ಲಿ ಕೊಟ್ಟಿಗೆ, ಆಚೆಗೆ ಅಡಿಕೆ ತೋಟ. ಜೋಗದಲ್ಲಿ ವಿದ್ಯುತ್ ಉತ್ಪಾದನೆ 1948ರಲ್ಲೇ ಶುರುವಾಗಿದ್ದರೂ ಈ ಮನೆಗೆ ದೀಪ ಬಂದದ್ದು 1971ರಲ್ಲಿ. ಆಗ ಮಾಡಿದ ವೈರಿಂಗೇ ಈಗಲೂ ಮುಕ್ಕಾಲು ಭಾಗ ಉಳಿದಿದೆ: ಸಾಗುವಾನಿ ರೀಪಿನ ಮೇಲೆ ಕ್ಲಿಪ್ ಹೊಡೆದು ಸಾಲಾಗಿ ಕೂರಿಸಿದ ರಬ್ಬರ್ ವೈರು, ಕಪ್ಪು ಬೇಕಲೈಟಿನ ಗುಂಡು ಸ್ವಿಚ್ಚುಗಳು. ಅಂದಿನ ಕೆಲಸಗಾರರ ಕೈ ಚೊಕ್ಕವಾಗಿತ್ತು. ಐವತ್ತು ವರ್ಷ ಕಳೆದರೂ ರೀಪು ಒಂದೆಳೆ ವಾಲಿಲ್ಲ.

ಆ ವೈರಿಂಗ್ ಲೆಕ್ಕ ಹಾಕಿದ್ದು ಎಂಟು ಬಲ್ಬು ಮತ್ತು ಒಂದು ರೇಡಿಯೋಗೆ. ಆಮೇಲೆ ಒಂದೊಂದಾಗಿ ಸಾಮಾನು ಸೇರಿದವು. ಮೊದಲು ಮಿಕ್ಸಿ, ಆಮೇಲೆ ಫ್ರಿಜ್. ತೊಂಬತ್ತರ ದಶಕದಲ್ಲಿ ಬಚ್ಚಲಿಗೆ 3,000 ವ್ಯಾಟಿನ ಗೀಸರ್ ಬಂತು, ಅದಕ್ಕೆ ಪ್ರತ್ಯೇಕವಾಗಿ ಅಲ್ಯೂಮಿನಿಯಂ ವೈರು ಎಳೆದರು. ಬಾವಿಗೆ ಅರ್ಧ ಎಚ್‌ಪಿ ಪಂಪು ಕೂಡಿಸಿದರು. ಮೂರು ವರ್ಷದ ಹಿಂದೆ ಬೆಂಗಳೂರಿನ ಮಗ ಅಮ್ಮನಿಗೆ 2,000 ವ್ಯಾಟಿನ ಇಂಡಕ್ಷನ್ ಒಲೆ ತಂದುಕೊಟ್ಟ. ಅದರ ದಪ್ಪ ಪಿನ್ನಿನ ಪ್ಲಗ್ಗು ಅಡುಗೆಮನೆಯ ಹಳೆಯ 5 ಆಂಪಿಯರ್ ಸಾಕೆಟ್ಟಿಗೆ ಹಿಡಿಸಲಿಲ್ಲ. ಅಂಗಡಿಯಿಂದ ಕನ್ವರ್ಟರ್ ಪ್ಲಗ್ ಬಂತು, ಒಲೆ ನಡೆಯಿತು.

ಅಂದಿನಿಂದ ಅಡುಗೆಮನೆಯ ಫ್ಯೂಸ್ ಆಗಾಗ ಹೋಗತೊಡಗಿತು. ಮೇಷ್ಟ್ರು ಮೊದಲೆರಡು ಸಲ ತಾವೇ ತಂತಿ ಹಾಕಿದರು. ಮೂರನೆಯ ಸಲ ಊರಿನ ಹುಡುಗನೊಬ್ಬ ಬಂದು ಬೇರೆ ತಂತಿ ಹಾಕಿ “ಇನ್ನು ಹೋಗುವುದಿಲ್ಲ” ಎಂದ. ಅವನು ಹೇಳಿದ ಹಾಗೆಯೇ ಆಯಿತು. ಮೂರು ತಿಂಗಳು ಫ್ಯೂಸ್ ಹೋಗಲಿಲ್ಲ. ಆದರೆ ಅಡುಗೆಮನೆಯಲ್ಲಿ ಏನೋ ಕೊಳೆತ ವಾಸನೆ ಶುರುವಾಯಿತು. ಮೇಷ್ಟ್ರು ಅಟ್ಟದಲ್ಲಿ ಇಲಿ ಸತ್ತಿದೆ ಎಂದು ಎರಡು ಸಲ ಹುಡುಕಿಸಿದರು. ಅಮ್ಮ ಮಾತ್ರ “ಇದು ಇಲಿಯಲ್ಲ, ಮೀನಿನ ವಾಸನೆ. ಸಂತೆಯಲ್ಲಿ ಮೀನಿನ ಸಾಲು ದಾಟುವಾಗ ಬರುತ್ತದಲ್ಲ, ಅದೇ” ಎನ್ನುತ್ತಿದ್ದರು. ಮೀನೇ ಬಾರದ ಮನೆಯಲ್ಲಿ ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸಾಕೆಟ್ಟು, ಸ್ವಿಚ್ಚುಗಳಿಗೆ ಬಳಸುವ ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದರೆ ಬರುವುದು ಮೀನಿನ ವಾಸನೆಯೇ.

ಹಲಗೆಯ ಮೇಲೆ ಕಂಡದ್ದು

ನಾನು ಹೋದಾಗ ಜಗಲಿಯಲ್ಲಿ ಲಾಟೀನು ಹಚ್ಚಿಟ್ಟಿದ್ದರು. ಮೀಟರಿನ ಕೆಳಗೆ ಮರದ ಹಲಗೆ, ಅದರ ಮೇಲೆ ಕಬ್ಬಿಣದ ಮೇನ್ ಸ್ವಿಚ್, ಪಕ್ಕದಲ್ಲಿ ನಾಲ್ಕು ಪಿಂಗಾಣಿ ಫ್ಯೂಸುಗಳು. ನಮ್ಮ ಕಸುಬಿನವರು ಇವನ್ನು ಕಿಟ್‌ಕ್ಯಾಟ್ ಎನ್ನುತ್ತೇವೆ. ಕೆಳಗಿನ ಭಾಗ ಹಲಗೆಗೆ ಕಚ್ಚಿಕೊಂಡಿರುತ್ತದೆ, ಮೇಲಿನದನ್ನು ಕೈಯಿಂದ ಕಿತ್ತು ತೆಗೆಯಬಹುದು, ತಂತಿ ಇರುವುದು ಅದರ ಬೆನ್ನಿನಲ್ಲಿ. ಮೂರನೆಯದರ ಹಿಡಿ ಒಡೆದಿತ್ತು, ಅದಕ್ಕೆ ಕಪ್ಪು ಟೇಪು ಸುತ್ತಿದ್ದರು. ಎರಡನೆಯದರ ಮೇಲ್ಭಾಗದ ಹಲಗೆ ಅಂಗೈಯಗಲ ಕಪ್ಪಾಗಿತ್ತು. ಬೆರಳಿನಿಂದ ಒರೆಸಿದೆ. ಮಸಿ ಹೋಗಲಿಲ್ಲ. ಮರವೇ ಸುಟ್ಟಿತ್ತು.

ಮೇನ್ ಸ್ವಿಚ್ ಆಫ್ ಆಗಿರುವುದನ್ನು ನೋಡಿ, ಅದರಿಂದ ಈಚೆಗೆ ಕರೆಂಟ್ ಇಲ್ಲವೆಂದು ಟೆಸ್ಟ್ ಲ್ಯಾಂಪಿನಿಂದ ಖಾತ್ರಿ ಮಾಡಿಕೊಂಡು, ಒಂದೊಂದನ್ನೇ ಕಿತ್ತು ಜಗಲಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೇಷ್ಟ್ರು ಲಾಟೀನು ಹತ್ತಿರ ತಂದರು.

ಮೊದಲನೆಯದು ಒಳಕೋಣೆ ಮತ್ತು ಜಗಲಿಯ ದೀಪದ್ದು. ಕೂದಲೆಳೆಯಂಥ, ತವರ ಲೇಪಿಸಿದ ತಾಮ್ರದ ತಂತಿ. ಸರಿಯಾಗಿತ್ತು. ನಾಲ್ಕನೆಯದು ಪಂಪಿನದು, ಅದೂ ಪರವಾಗಿಲ್ಲ. ಎರಡನೆಯದು ಅಡುಗೆಮನೆಯದು. ಅದರಲ್ಲಿ ಮೆತ್ತನೆಯ ವೈರಿನಿಂದ ಬಿಡಿಸಿದ ಮೂರು ಎಳೆಗಳನ್ನು ಹೊಸೆದು ಹಾಕಿದ್ದರು. ಪಿಂಗಾಣಿಯ ಕಾಲುವೆಯ ಗೋಡೆಗೆ ತಾಮ್ರದ ಸಣ್ಣ ಹನಿಗಳು ಅಂಟಿಕೊಂಡಿದ್ದವು, ಹಿಂದೆ ಹೋದ ಫ್ಯೂಸುಗಳು ಕರಗಿ ಸಿಡಿದ ಗುರುತು. ಹಿತ್ತಾಳೆಯ ನಾಲಿಗೆಗಳು ನೀಲಿಗಟ್ಟಿ, ಬಿಗಿ ಕಳೆದುಕೊಂಡು ಸಡಿಲವಾಗಿದ್ದವು. ಮೂರನೆಯದು ಗೀಸರಿನದು. ಅದರ ಬೆನ್ನು ತಿರುಗಿಸಿದಾಗ ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅಲ್ಲಿದ್ದದ್ದು ಫ್ಯೂಸ್ ತಂತಿಯೇ ಅಲ್ಲ. ಮೇಲಿನ ಹೊದಿಕೆ ಸುಲಿದ 1/18ರ, ಅಂದರೆ 18 ಗೇಜಿನ ಒಂದೇ ಎಳೆಯ, ಗಟ್ಟಿ ತಾಮ್ರದ ತುಂಡು, ಬೆಂಕಿಕಡ್ಡಿಯ ಅರ್ಧಕ್ಕಿಂತ ದಪ್ಪ.

ಆಮೇಲೆ ಕಬ್ಬಿಣದ ಮೇನ್ ಸ್ವಿಚ್ಚಿನ ಮುಚ್ಚಳ ತೆಗೆದೆ. ಒಳಗೆ ಎರಡು ಫ್ಯೂಸು: ಒಂದು ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ. ಎರಡೂ ತಂತಿಗೆ ಫ್ಯೂಸ್ ಹಾಕುವುದು ಹಳೆಯ ಕಾಲದ ರೂಢಿ. 1956ರ ಭಾರತೀಯ ವಿದ್ಯುತ್ ನಿಯಮಗಳ 32ನೆಯ ನಿಯಮವೇ ನ್ಯೂಟ್ರಲ್ಲಿನಲ್ಲಿ ಬಿಡಿ ಫ್ಯೂಸ್ ಇರಕೂಡದು ಎಂದು ಹೇಳಿತ್ತು. ಹಾಗಿದ್ದರೂ ಎಪ್ಪತ್ತರ ದಶಕದ ಎಷ್ಟೋ ಮನೆಗಳಲ್ಲಿ ಇದನ್ನು ನಾನು ಕಂಡಿದ್ದೇನೆ. ಇಲ್ಲಿ ಫೇಸಿನ ಫ್ಯೂಸಿಗೆ ಯಾರೋ ದಪ್ಪ ತಂತಿ ಹಾಕಿದ್ದರು. ನ್ಯೂಟ್ರಲ್ಲಿನದನ್ನು ಯಾರೂ ಮುಟ್ಟಿರಲಿಲ್ಲ, ಅದರಲ್ಲಿ ಮೊದಲಿನ ತೆಳು ತಂತಿಯೇ ಇತ್ತು. ಎರಡರಲ್ಲೂ ಹರಿಯುವುದು ಒಂದೇ ಕರೆಂಟ್. ತೆಳ್ಳಗಿರುವುದು ಮೊದಲು ಕರಗುತ್ತದೆ. ಆ ಸಂಜೆ ಗೀಸರ್, ಇಂಡಕ್ಷನ್ ಒಲೆ, ಪಂಪು ಮೂರೂ ಒಟ್ಟಿಗೆ ನಡೆಯುತ್ತಿದ್ದವು. ನ್ಯೂಟ್ರಲ್ ಕರಗಿತು. ಫೇಸ್ ಹಾಗೆಯೇ ಉಳಿಯಿತು.

ಫ್ಯೂಸನ್ನು “ಗಟ್ಟಿ” ಮಾಡಿದ ಕೈಗಳು ಮನೆಯ ಅತಿ ದುರ್ಬಲ ಜಾಗವನ್ನು ಫೇಸಿನಿಂದ ನ್ಯೂಟ್ರಲ್ಲಿಗೆ ಸರಿಸಿದ್ದವು. ಯಾರೂ ಕೇಡು ಬಯಸಿ ಮಾಡಿದ್ದಲ್ಲ. ಮೇಷ್ಟ್ರ ಮುಖ ನೋಡಿ ನನಗೆ ಸಂಕಟವಾಯಿತು. “ಫೇಸಿಗೆ ದಪ್ಪ ತಂತಿ ಹಾಕಿದವನು ನಾನೇ” ಎಂದರು ಅವರು.

ತಂತಿಯ ಲೆಕ್ಕ

ಗಣಿತದ ಮೇಷ್ಟ್ರಲ್ಲವೇ, ಲೆಕ್ಕ ಬೇಕೆಂದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ.

ತವರ ಲೇಪಿಸಿದ ತಾಮ್ರದ ಫ್ಯೂಸ್ ತಂತಿ 5 ಆಂಪಿಯರಿಗೆ 0.2 ಮಿ.ಮೀ. ದಪ್ಪ, 10ಕ್ಕೆ 0.35, 15ಕ್ಕೆ 0.5, 30ಕ್ಕೆ 0.85 ಮಿ.ಮೀ. ದಪ್ಪ ಎರಡರಷ್ಟಾದರೆ ತಡೆಯುವ ಕರೆಂಟ್ ಎರಡರಷ್ಟಲ್ಲ, ಎರಡೂಮುಕ್ಕಾಲರಷ್ಟು ಆಗುತ್ತದೆ. ಮೆತ್ತನೆಯ ವೈರಿನ ಒಂದು ಎಳೆ 0.3 ಮಿ.ಮೀ. ಇರುತ್ತದೆ. ಅದು ಕರಗುವುದು ಸುಮಾರು 13 ಆಂಪಿಯರಿನಲ್ಲಿ. ಮೂರೆಳೆ ಹೊಸೆದರೆ 35ರ ಆಚೀಚೆ. 1/18ರ ತುಂಡಿನ ದಪ್ಪ 1.22 ಮಿ.ಮೀ., ಅದು ಕರಗಲು 100 ಆಂಪಿಯರ್ ದಾಟಬೇಕು.

ಇನ್ನು ಗೋಡೆಯ ಕಡೆ. ಅಡುಗೆಮನೆಗೆ ಹೋಗುವುದು ದೀಪಕ್ಕೆಂದು ಎಳೆದ 3/22ರ, ಅಂದರೆ 22 ಗೇಜಿನ ಮೂರೆಳೆಯ, ತಾಮ್ರದ ವೈರು, ಸುಮಾರು 1.2 ಚದರ ಮಿ.ಮೀ. ಇಂಡಕ್ಷನ್, ಫ್ರಿಜ್, ಮಿಕ್ಸಿ ಒಟ್ಟಿಗೆ ನಡೆದರೆ 2,900 ವ್ಯಾಟ್, ಅಂದರೆ ಹನ್ನೆರಡೂವರೆ ಆಂಪಿಯರ್. ಹೊಸ ವೈರಿಗಾದರೂ ಅದು ಅಂಚಿನ ಹೊರೆ. ಐವತ್ತು ವರ್ಷ ಸೌದೆ ಒಲೆಯ ಶಾಖ, ಹೊಗೆ ತಿಂದ ರಬ್ಬರಿಗಂತೂ ಹೆಚ್ಚೇ ಹೆಚ್ಚು. ಹನ್ನೆರಡರಿಂದ ಮೂವತ್ತೈದರವರೆಗೆ ಎಷ್ಟೇ ಕರೆಂಟ್ ಹರಿದರೂ ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. ಗೀಸರಿನ ಕಡೆಯ ಕಥೆ ಇನ್ನೂ ಕಷ್ಟದ್ದು. ಗೋಡೆಯಲ್ಲಿರುವುದು 2.5 ಚದರ ಮಿ.ಮೀ. ಅಲ್ಯೂಮಿನಿಯಂ, ಫ್ಯೂಸಿನಲ್ಲಿರುವುದು 100 ಆಂಪಿಯರಿಗೂ ಜಗ್ಗದ ತಾಮ್ರ. ಅಲ್ಲಿ ಶಾರ್ಟ್ ಆಗಿದ್ದರೆ ಮೊದಲು ಉರಿಯುತ್ತಿದ್ದದ್ದು ಗೋಡೆಯ ವೈರು.

“ಹಾಗಾದರೆ ಫ್ಯೂಸ್ ಹೋಗುತ್ತಿದ್ದಾಗ ಅದು ಕೆಟ್ಟಿರಲಿಲ್ಲ” ಎಂದರು ಮೇಷ್ಟ್ರು, ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟುಕೊಂಡೇ. ಮೂರು ತಿಂಗಳ ಹಿಂದೆ ಆ ಫ್ಯೂಸು ಹೇಳುತ್ತಿದ್ದದ್ದು ಇಷ್ಟೇ: ಈ ವೈರಿಗೆ ಈ ಒಲೆ ಆಗದು. ನಾವು ಅದರ ಬಾಯಿ ಮುಚ್ಚಿಸಿದೆವು, ಆಮೇಲೆ ಅದೇ ಮಾತನ್ನು ಸಾಕೆಟ್ಟು ವಾಸನೆಯಾಗಿ ಹೇಳಿತು.

ಪಿಂಗಾಣಿ ಫ್ಯೂಸಿನಲ್ಲಿ ಸರಿಯಾದ ತಂತಿಯೇ ಇದ್ದರೂ ಒಂದು ಮಿತಿ ಇದೆ, ಅದನ್ನೂ ಇಲ್ಲಿ ಹೇಳಬೇಕು. 15 ಆಂಪಿಯರ್ ತಂತಿ 16ಕ್ಕೆ ಕರಗುವುದಿಲ್ಲ. ಸುಮಾರು ಎರಡರಷ್ಟು ಹತ್ತಿರ ಬರುವವರೆಗೆ ತಡೆದುಕೊಳ್ಳುತ್ತದೆ. ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು ಎಂಸಿಬಿ; 16 ಆಂಪಿಯರಿನ ಎಂಸಿಬಿ ಹಾಗಲ್ಲ. ಅದರ ಒಂದೂವರೆಯಷ್ಟರ ಹತ್ತಿರ ಬಂದಾಗಲೇ, ಲೆಕ್ಕವಾಗಿ ಹೇಳಿದರೆ 23 ಆಂಪಿಯರಿನ ಸುಮಾರಿಗೆ, ಒಂದು ಗಂಟೆಯೊಳಗೆ ಬೀಳಲೇಬೇಕು. ಶಾರ್ಟ್ ಆದಾಗ ಕ್ಷಣದಲ್ಲೇ ಬೀಳುತ್ತದೆ. ತಾನಾಗಿ ದಪ್ಪ ಮಾಡಿಕೊಳ್ಳಲು ಅದರಲ್ಲಿ ತಂತಿಯೂ ಇಲ್ಲ. ಪಿಂಗಾಣಿಗೆ ಬದಲಾಗಿ ಎಂಸಿಬಿ ಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಆ ರಾತ್ರಿ

ರಾತ್ರಿ ಒಂಬತ್ತಕ್ಕೆ, ಸುರಿಯುವ ಮಳೆಯಲ್ಲಿ, ಹೊಸ ಬೋರ್ಡು ಕೂರಿಸಲು ಆಗುವುದಿಲ್ಲ. ಅಡುಗೆಮನೆ ಮತ್ತು ಗೀಸರಿನ ಫ್ಯೂಸುಗಳನ್ನು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಮೇನ್ ಸ್ವಿಚ್ಚಿನ ನ್ಯೂಟ್ರಲ್ ಜಾಗಕ್ಕೆ ತಂತಿಯ ಬದಲು ಗಟ್ಟಿ ತಾಮ್ರದ ಕೊಂಡಿ ಹಾಕಿದೆ. ಮುಂದೆಂದೂ ನ್ಯೂಟ್ರಲ್ ಮಾತ್ರ ಕಡಿಯಬಾರದು ಎಂಬುದು ಉದ್ದೇಶ. ದಪ್ಪ ತಂತಿ ಹಾಕಬೇಕಾದ ಒಂದೇ ಜಾಗ ಅದು. ಫೇಸಿನ ಫ್ಯೂಸಿಗೆ ಸರಿಯಾದ ತಂತಿ ಹಾಕಿದೆ. ಅದರ ಪಿಂಗಾಣಿಯೊಳಗೆ ಬೂದುಬಿಳಿ ನಾರಿನ ಹಾಸು ಇತ್ತು. ಹಳೆಯ ದೊಡ್ಡ ಫ್ಯೂಸುಗಳಲ್ಲಿ ಕಿಡಿ ತಡೆಯಲು ಕಲ್ನಾರು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಅದನ್ನು ಕೆರೆಯಲಿಲ್ಲ, ಊದಲಿಲ್ಲ. ಒದ್ದೆ ಬಟ್ಟೆಯಿಂದ ಹಿಡಿದೆ. ಬೋರ್ಡು ಬದಲಿಸಿದ ದಿನ ಆ ಫ್ಯೂಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತೆಗೆದಿಟ್ಟೆ.

ದೀಪದ ಫ್ಯೂಸಿಗೆ ಹೊಸ ತಂತಿ ಹಾಕುವಾಗ ಮೇಷ್ಟ್ರು ಪಕ್ಕದಲ್ಲೇ ಕುಳಿತು ನೋಡಿದರು. ತಂತಿಯನ್ನು ಸ್ಕ್ರೂ ಬಿಗಿಯುವ ದಿಕ್ಕಿನಲ್ಲೇ ಒಂದು ಸುತ್ತು ಹಾಕಬೇಕು. ಇಲ್ಲದಿದ್ದರೆ ಬಿಗಿಯುತ್ತಾ ಹೋದಂತೆ ಅದು ಹೊರಗೆ ಜಾರುತ್ತದೆ. ಒಂದು ತುದಿ ಬಿಗಿದ ಮೇಲೆ ಕಾಲುವೆಯಲ್ಲಿ ತುಸು ಸಡಿಲವಾಗಿ ಮಲಗಿಸಿ ಇನ್ನೊಂದು ತುದಿಗೆ ಒಯ್ಯಬೇಕು. ವೀಣೆಯ ತಂತಿಯಂತೆ ಎಳೆದು ಕಟ್ಟಿದರೆ ಸ್ಕ್ರೂವಿನ ಬುಡದಲ್ಲಿ ತೆಳುವಾಗಿ, ಕಾರಣವಿಲ್ಲದೆ ಹೋಗುತ್ತದೆ. ಹಾಗೆ ಹೋದದ್ದನ್ನು ಕಂಡು ಜನ ಮತ್ತೆ ದಪ್ಪ ತಂತಿಗೆ ಕೈ ಹಾಕುತ್ತಾರೆ.

ಅಂದು ರಾತ್ರಿ ಬಚ್ಚಲ ಒಲೆಗೆ ಸೌದೆ ಹಾಕಿ ಹಂಡೆಯಲ್ಲಿ ನೀರು ಕಾಯಿಸಿದರು. ಫ್ರಿಜ್ಜಿನ ಹಾಲನ್ನು ಪಕ್ಕದ ಮನೆಗೆ ಕೊಟ್ಟರು.

ಅಳತೆ

ಎರಡು ದಿನದ ನಂತರ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಸಾಧನ) ಮತ್ತು ಅರ್ತ್ ಟೆಸ್ಟರ್ ತೆಗೆದುಕೊಂಡು ಹೋದೆ. ಮನೆಯ ವೈರಿಂಗಿನ ಇನ್ಸುಲೇಷನ್ ಕನಿಷ್ಠ ಒಂದು ಮೆಗಾ ಓಮ್ ಇದ್ದರೆ ಸಮಾಧಾನ. ಬಲ್ಬು, ಪ್ಲಗ್ಗು ಎಲ್ಲ ಕಳಚಿ 500 ವೋಲ್ಟಿನಲ್ಲಿ ಅಳೆದಾಗ ದೀಪದ ಸರ್ಕ್ಯೂಟಿಗೆ 1.5 ಮೆಗಾ ಓಮ್ ಬಂತು. ಆ ಮಳೆಯಲ್ಲಿ, ಆ ವಯಸ್ಸಿನ ವೈರಿಗೆ ಅದು ಒಳ್ಳೆಯದೇ. ಅಡುಗೆಮನೆಗೆ 0.2. ಸಾಕೆಟ್ಟು ಬಿಚ್ಚಿದಾಗ ಕಾರಣ ಕಾಣಿಸಿತು. ಹಿಂಭಾಗ ಕಂದುಗಟ್ಟಿ ಉಬ್ಬಿತ್ತು. ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದೆ. ರಬ್ಬರು ಹುರಿದ ಕಡಲೆಯ ಸಿಪ್ಪೆಯಂತೆ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಒಳಗಿನ ತಾಮ್ರ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ರಬ್ಬರಿನ ಗಂಧಕ ತಾಮ್ರವನ್ನು ತಿನ್ನುತ್ತದೆಂದು ಆ ಕಾಲದಲ್ಲಿ ಎಳೆಗಳಿಗೆ ತವರ ಹಚ್ಚುತ್ತಿದ್ದರು. ತವರ ತನ್ನ ಕೆಲಸ ಮಾಡಿತ್ತು, ರಬ್ಬರು ಮುಗಿದಿತ್ತು.

ಗೀಸರಿನ ಎಲಿಮೆಂಟಿಗೂ ಅದರ ಮೈಗೂ ನಡುವೆ ಬಂದದ್ದು 0.08 ಮೆಗಾ ಓಮ್. ಅಂದರೆ 80,000 ಓಮ್. 230 ವೋಲ್ಟಿಗೆ ಸುಮಾರು 3 ಮಿಲಿ ಆಂಪಿಯರ್ ಸೋರುತ್ತದೆ. ಅಮ್ಮನ ಕೈ ಜುಮ್ಮೆನ್ನಿಸಿದ್ದು ಅದೇ. ಆ ಸೋರಿಕೆ ಅರ್ತಿಂಗ್ ಮೂಲಕ ಮಣ್ಣಿಗೆ ಹೋಗಬೇಕಿತ್ತು. ಗೀಸರಿನ ಹಸಿರು ವೈರು ಹಿಡಿದುಕೊಂಡು ಹೋದರೆ, ಅದನ್ನು ನೀರಿನ ಕಬ್ಬಿಣದ ಪೈಪಿಗೆ ಬಿಗಿದಿದ್ದರು. ನಾಲ್ಕು ವರ್ಷದ ಹಿಂದೆ ಪೈಪು ತುಕ್ಕು ಹಿಡಿಯಿತೆಂದು ಹೊರಗಿನ ಭಾಗವನ್ನೆಲ್ಲ ಪಿವಿಸಿಗೆ ಬದಲಿಸಿದ್ದಾರೆ. ಉಳಿದದ್ದು ಎಲ್ಲಿಗೂ ಹೋಗದ ಮೂರಡಿ ಕಬ್ಬಿಣ ಮತ್ತು ಅದರ ತುದಿಯ ನಲ್ಲಿ. ಅರ್ತಿಂಗ್ ತಂತಿ ಸೋರಿಕೆಯನ್ನು ಮಣ್ಣಿಗೆ ಒಯ್ಯುವ ಬದಲು ನೇರವಾಗಿ ಅಮ್ಮನ ಕೈಗೆ ತಂದು ಕೊಡುತ್ತಿತ್ತು. ಇದನ್ನು ಬರೆಯುವಾಗ ಈಗಲೂ ಮೈ ಜುಂ ಎನ್ನುತ್ತದೆ. ಪೈಪು ಬದಲಿಸುವಾಗ ಅದಕ್ಕೆ ಕಟ್ಟಿದ ವೈರು ಯಾವುದೆಂದು ಒಂದು ಮಾತು ಕೇಳಬೇಕು, ಪ್ಲಂಬರನಾಗಲಿ ಮನೆಯವರಾಗಲಿ.

ಮನೆಯ ಹಿಂದಿನ ಅರ್ತ್ ಗುಂಡಿ 62 ಓಮ್ ತೋರಿಸಿತು. ಫೇಸ್ ಪೂರ್ತಿ ಮೈಗೆ ತಗುಲಿದರೂ ಅಲ್ಲಿ ಹರಿಯುವುದು 4 ಆಂಪಿಯರಿಗಿಂತ ಕಡಿಮೆ. ಅಷ್ಟಕ್ಕೆ ಯಾವ ಫ್ಯೂಸೂ ಕರಗದು, ಯಾವ ಎಂಸಿಬಿಯೂ ಬೀಳದು.

ಏನು ಮಾಡುವುದು

ಬೆಂಗಳೂರಿನಿಂದ ಮಗ ಫೋನಿನಲ್ಲಿ “ಅಣ್ಣ, ಎಲ್ಲ ಕಿತ್ತು ಹೊಸದು ಮಾಡಿಬಿಡಿ” ಎಂದ. ಮೇಷ್ಟ್ರು “ನಾಲ್ಕು ಪಿಂಗಾಣಿ ತೆಗೆದು ನಾಲ್ಕು ಎಂಸಿಬಿ ಹಾಕಿದರೆ ಸಾಲದೇ?” ಎಂದು ಕೇಳಿದರು. ಈ ಎರಡನೆಯ ಪ್ರಶ್ನೆಯನ್ನು ಹಳೆಯ ಮನೆಯವರೆಲ್ಲ ಕೇಳುತ್ತಾರೆ. ಸಾಲದು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯಲು ಆರ್‌ಸಿಸಿಬಿ ಬೇಕು, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವುದರೊಳಗೆ ಅದು ಕಡಿಯುತ್ತದೆ. ಮಲೆನಾಡಿನ ಹಳ್ಳಿಗಳಲ್ಲಿ, ಅರ್ತಿಂಗ್ ನಮ್ಮದೇ ಗುಂಡಿಯನ್ನು ನೆಚ್ಚಿಕೊಂಡಿರುವ ಕಡೆ, ಅದು ಇಲ್ಲದೆ ನಾನು ಹೊಸ ಬೋರ್ಡು ಕೂರಿಸುವುದಿಲ್ಲ. ಇನ್ನು ರಬ್ಬರು ಉದುರುತ್ತಿರುವ ವೈರಿನ ಮುಂದೆ ಎಂಥ ಎಂಸಿಬಿ ಇಟ್ಟರೂ ಆ ರಬ್ಬರು ಮರಳಿ ಬರುವುದಿಲ್ಲ.

ಹಾಗೆಂದು ಮಗ ಹೇಳಿದಂತೆ ಎಲ್ಲವನ್ನೂ ಮಳೆಗಾಲದಲ್ಲಿ ಕೀಳುವುದೂ ಸರಿ ಕಾಣಲಿಲ್ಲ. ಮಣ್ಣಿನ ಗೋಡೆ ಕೊರೆಯಲು ಆಗದು. ದೀಪದ ವೈರಿನ ಅಳತೆ ಚೆನ್ನಾಗಿಯೇ ಬಂದಿತ್ತು, ಅದರ ಮೇಲೆ ಎಲ್‌ಇಡಿ ಬಲ್ಬಿನ ಹಗುರ ಹೊರೆ ಮಾತ್ರ. ಅದಕ್ಕೆ 6 ಆಂಪಿಯರ್ ಎಂಸಿಬಿ ಕಾವಲು ಹಾಕಿ ಬೇಸಿಗೆಯವರೆಗೆ ಇಟ್ಟುಕೊಳ್ಳುವುದು, ಅಡುಗೆಮನೆ ಮತ್ತು ಬಚ್ಚಲಿಗೆ ಈಗಲೇ ಹೊಸ ವೈರು ಎಳೆಯುವುದು, ಅರ್ತ್ ಗುಂಡಿ ಹೊಸದಾಗಿ ತೋಡುವುದು ಎಂದು ಮೂವರೂ ಒಪ್ಪಿದೆವು. ಗೀಸರ್ ಹಳೆಯದು ಗುಜರಿಗೆ. ಮನೆಯ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇತ್ತು, ಅದನ್ನು 5ಕ್ಕೆ ಏರಿಸಲು ಮೇಷ್ಟ್ರು ಅರ್ಜಿ ಕೊಟ್ಟರು. ಮೀಟರಿನ ಸೀಲ್ ನಾವು ಮುಟ್ಟುವಂಥದ್ದಲ್ಲ. ಕೆಲಸದ ದಿನ ಲೈನ್‌ಮನ್ ಬಂದು ಮೀಟರಿನ ಮೊದಲೇ ಕರೆಂಟ್ ತೆಗೆದುಕೊಟ್ಟರು.

ಹೊಸ ಬೋರ್ಡು ಮತ್ತು ಸಾಲ ತಂದ ನ್ಯೂಟ್ರಲ್

ಗುಂಡಿ ತೋಡಿದ್ದು ಬಾವಿಕಟ್ಟೆಯ ಬಚ್ಚಲ ನೀರು ಹರಿಯುವ ತಗ್ಗಿನಲ್ಲಿ, ಬಸಳೆ ಚಪ್ಪರದ ಪಕ್ಕ. ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು. ಅಳೆದಾಗ 14 ಓಮ್ ಬಂತು.

ಬೋರ್ಡಿನಲ್ಲಿ ಮೊದಲು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ 40 ಆಂಪಿಯರ್ ಐಸೊಲೇಟರ್. ಆಮೇಲೆ ಎರಡು ಆರ್‌ಸಿಸಿಬಿ. ಒಂದರ ಕೆಳಗೆ ಅಡುಗೆಮನೆಯ ಸಾಕೆಟ್ಟುಗಳು, ಇಂಡಕ್ಷನ್ ಒಲೆಗೆ ಪ್ರತ್ಯೇಕ ಲೈನು, ಗೀಸರ್. ಇನ್ನೊಂದರ ಕೆಳಗೆ ದೀಪ, ಕೊಟ್ಟಿಗೆ, ಪಂಪು. ಎರಡು ಮಾಡಿದ್ದು ಬಚ್ಚಲಲ್ಲಿ ಏನಾದರೂ ಆದರೆ ಇಡೀ ಮನೆ ಕತ್ತಲಾಗದಿರಲಿ ಎಂದು. ವಯಸ್ಸಾದವರಿರುವ ಮನೆಯಲ್ಲಿ ಕತ್ತಲೆಯೂ ಒಂದು ಅಪಾಯವೇ. ಅಡುಗೆಮನೆಯ ಎರಡು ಲೈನಿಗೂ 2.5 ಚದರ ಮಿ.ಮೀ. ತಾಮ್ರ, 16 ಆಂಪಿಯರ್ ಎಂಸಿಬಿ. ಗೀಸರಿಗೆ 4 ಚದರ ಮಿ.ಮೀ. ಪಂಪಿಗೆ ಸಿ ಮಾದರಿಯ 10 ಆಂಪಿಯರ್ ಎಂಸಿಬಿ, ಏಕೆಂದರೆ ಮೋಟಾರು ಎದ್ದೇಳುವಾಗ ಕ್ಷಣಕಾಲ ಕೆಲವು ಪಟ್ಟು ಕರೆಂಟ್ ಎಳೆಯುತ್ತದೆ. ಬಿ ಮಾದರಿಯದು ಅಷ್ಟಕ್ಕೇ ಬೀಳಬಹುದು.

ಸಂಜೆ ಎಲ್ಲ ಮುಗಿಸಿ ಕರೆಂಟ್ ಕೊಟ್ಟೆವು. ಜಗಲಿ ದೀಪ ಹತ್ತಿತು, ಫ್ರಿಜ್ ನಡೆಯಿತು. ಅಮ್ಮ ಅಡುಗೆಮನೆಯ ದೀಪದ ಸ್ವಿಚ್ ಹಾಕಿದ್ದೇ ತಡ, ಆರ್‌ಸಿಸಿಬಿ ಟಪ್ಪೆಂದು ಬಿತ್ತು. ಎತ್ತಿದೆ, ಮತ್ತೆ ಸ್ವಿಚ್ ಹಾಕಿದಾಗ ಮತ್ತೆ ಬಿತ್ತು. ದೀಪ ಬದಲಿಸಿದೆ, ಹೋಲ್ಡರ್ ಬಿಚ್ಚಿ ಒರೆಸಿದೆ, ಏನೂ ಆಗಲಿಲ್ಲ. ಅರ್ಧ ಗಂಟೆಯ ಹುಡುಕಾಟದ ನಂತರ ರೀಪಿನ ತುದಿಯ ಮರದ ಪೆಟ್ಟಿಗೆಯಲ್ಲಿ ಉತ್ತರ ಸಿಕ್ಕಿತು. ಅಡುಗೆಮನೆಯ ದೀಪಕ್ಕೆ ಫೇಸ್ ಬಂದದ್ದು ಒಳಕೋಣೆಯ ದೀಪದ ಲೈನಿನಿಂದ, ನ್ಯೂಟ್ರಲ್ ಬಂದದ್ದು ಹತ್ತಿರವಿತ್ತೆಂದು ಸಾಕೆಟ್ಟಿನ ಲೈನಿನಿಂದ. ವರ್ಷಗಳ ಹಿಂದೆ ಯಾರೋ ಎರಡು ಗಜ ವೈರು ಉಳಿಸಿದ್ದರು. ಪಿಂಗಾಣಿ ಫ್ಯೂಸಿಗೆ ಅದು ಎಂದೂ ತಿಳಿಯದು. ಆರ್‌ಸಿಸಿಬಿಗೆ ತಿಳಿಯುತ್ತದೆ. ಒಂದರ ಮೂಲಕ ಹೋದ ಕರೆಂಟ್ ಇನ್ನೊಂದರ ಮೂಲಕ ಮರಳುತ್ತಿತ್ತು. 9 ವ್ಯಾಟಿನ ಬಲ್ಬೇ 40 ಮಿಲಿ ಆಂಪಿಯರಿನಷ್ಟು ಎಳೆಯುತ್ತದೆ, ಬೀಳಲು ಅಷ್ಟು ಸಾಕು.

ಇಂಥ ಹೊತ್ತಿನಲ್ಲಿ “ಹೊಸ ಸಾಮಾನು ಸರಿಯಿಲ್ಲ” ಎಂದು ಆರ್‌ಸಿಸಿಬಿಯನ್ನೇ ಕಿತ್ತು ನೇರ ಮಾಡುವವರಿದ್ದಾರೆ. ದಪ್ಪ ತಂತಿ ಹಾಕಿದ ಕೈಗೂ ಆ ಕೈಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಸಾಲ ತಂದ ನ್ಯೂಟ್ರಲನ್ನು ಕಡಿದು, ದೀಪದ ಲೈನಿನದೇ ನ್ಯೂಟ್ರಲ್ ಎಳೆದುಕೊಟ್ಟೆ. ಆಮೇಲೆ ಬೀಳಲಿಲ್ಲ. ಈ ಅಪಾಯ ಸಣ್ಣದೇನಲ್ಲ. ಸಾಕೆಟ್ಟಿನ ಫ್ಯೂಸ್ ಕಿತ್ತಿಟ್ಟು ಸುರಕ್ಷಿತವೆಂದು ನಂಬಿ ಅದರ ನ್ಯೂಟ್ರಲ್ ಬಿಚ್ಚಿದವನಿಗೆ, ಹತ್ತಿಯೇ ಇದ್ದ ದೀಪದ ಕಡೆಯಿಂದ ಫೇಸ್ ಬಂದು ಹೊಡೆಯುತ್ತಿತ್ತು.

ವಾರದ ನಂತರ ದೊಡ್ಡ ಮಳೆಯ ರಾತ್ರಿ ದೀಪದ ಕಡೆಯ ಆರ್‌ಸಿಸಿಬಿ ಒಮ್ಮೆ ಬಿತ್ತು. ಎಲ್ಲ ಎಂಸಿಬಿ ಇಳಿಸಿ ಎತ್ತಿದರೂ ಅದು ನಿಲ್ಲುತ್ತಿರಲಿಲ್ಲವಂತೆ. ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಮಣ್ಣಿಗೆ ತಗುಲಿದ್ದರೆ ಬೋರ್ಡಿನಲ್ಲಿ ನ್ಯೂಟ್ರಲ್ಲುಗಳೆಲ್ಲ ಸೇರುವ ಪಟ್ಟಿಯಿಂದ ಒಂದೊಂದೇ ನ್ಯೂಟ್ರಲ್ ಬಿಚ್ಚಿ ನೋಡಬೇಕು. ಕೊಟ್ಟಿಗೆಯ ಹೋಲ್ಡರಿನಲ್ಲಿ ನೀರು ನಿಂತಿತ್ತು. ಮುಚ್ಚಳವಿರುವ ಹೊಸದನ್ನು ಹಾಕಿದೆ.

ಸಾಮಾನು, ಕೂಲಿ, ಗುಂಡಿ ಎಲ್ಲ ಸೇರಿ 27,000 ರೂಪಾಯಿ ಚಿಲ್ಲರೆ ಆಯಿತು. ಹೊಸ ಗೀಸರ್ ಬೇರೆ.

ಈಗ

ಅಡುಗೆಮನೆಯ ವಾಸನೆ ಹೋಗಿದೆ. ಆರ್‌ಸಿಸಿಬಿಯ ಮೇಲಿನ ಪರೀಕ್ಷೆಯ ಗುಂಡಿಯನ್ನು ಪ್ರತಿ ತಿಂಗಳ ಮೊದಲ ದಿನ ಒತ್ತಿ, ಬಿತ್ತು ಎಂದು ಮೇಷ್ಟ್ರು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಮೂರನೆಯ ಪಿಂಗಾಣಿಯನ್ನು, ಆ 1/18ರ ತುಂಡಿನ ಸಮೇತ, ನನ್ನಿಂದ ಕೇಳಿ ಪಡೆದು ಜಗಲಿಯ ಗೂಡಿನಲ್ಲಿ ಇಟ್ಟಿದ್ದಾರೆ. ಬಂದವರಿಗೆ ತೋರಿಸುತ್ತಾರೆ. ದೀಪದ ಹಳೆಯ ರಬ್ಬರ್ ವೈರು ಅಡಿಕೆ ಕೊಯ್ಲು ಮುಗಿದ ಮೇಲೆ ಬದಲಾಗಬೇಕು. ವೈರಿನ ಪಟ್ಟಿ ಬರೆದುಕೊಟ್ಟಿದ್ದೇನೆ.

ಕಳೆದ ತಿಂಗಳು ಬೆಳಗ್ಗೆ ಫೋನ್ ಬಂತು. “ಅಡುಗೆಮನೆಯ ಎಂಸಿಬಿ ಬಿದ್ದಿದೆ. ಮಿಕ್ಸಿ ಹಾಕಿದಾಗ ಬಿತ್ತು. ಮಿಕ್ಸಿಯ ಪ್ಲಗ್ ತೆಗೆದು ಪಕ್ಕಕ್ಕಿಟ್ಟಿದ್ದೇನೆ, ಎಂಸಿಬಿಯನ್ನು ಎತ್ತಿಲ್ಲ. ಅಮ್ಮ ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತಿದ್ದಾಳೆ, ನಿನಗೆ ಅವಸರವಿಲ್ಲ” ಎಂದರು ಮೇಷ್ಟ್ರು. ಮಧ್ಯಾಹ್ನ ಹೋಗಿ ನೋಡಿದೆ. ಮಿಕ್ಸಿಯ ವೈರನ್ನು ಪ್ಲಗ್ಗಿನಿಂದ ನಾಲ್ಕು ಬೆರಳು ಆಚೆ ಇಲಿ ಕಡಿದಿತ್ತು, ಎರಡು ತಾಮ್ರದ ಎಳೆಗಳು ಒಂದನ್ನೊಂದು ಮುಟ್ಟಿಕೊಂಡಿದ್ದವು.